ಲಾತುವಿನ ಅಪ್ಪನ ಮಣ್ಣು

ಇದ್ದದ್ದನ್ನು ಇದ್ದ ಹಾಗೆ ಮುಖದ ಮೇಲೆ ಹೇಳುವುದು ನನ್ನ ಗುಣ. ಅದಕ್ಕೇ ರಾಣೇಬೆನ್ನೂರಿನ ಅರ್ಧ ಜನಕ್ಕೆ ನನ್ನನ್ನು ಕಂಡರಾಗುವುದಿಲ್ಲ. ಆದರೂ ಮಧ್ಯಾಹ್ನವಾದರೆ ಅವರೇ ಬಂದು ನನ್ನ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಾರೆ. ದ್ರಾಕ್ಷಾಯಿಣಿಯ ಬಾಯಿ ಎಷ್ಟು ಖಾರವೋ ಕೈ ಅಷ್ಟು ರುಚಿ. ಇದು ನಾನು ಹೇಳುವ ಮಾತಲ್ಲ, ಪಕ್ಕದ ಮನೆಯ ಸೈದಾಬಿ ಹೇಳುವುದು. ಅವಳ ಬಾಯಿಯೇನೂ ಕಡಿಮೆಯದಲ್ಲ ಅನ್ನಿ.

ಖಾನಾವಳಿಯ ಮೇಲೆ ಒಂದು ಕೋಣೆ ಇದೆ. ಈ ವರ್ಷ ಅದನ್ನು ಇಬ್ಬರು ಹುಡುಗರಿಗೆ ಬಾಡಿಗೆ ಕೊಟ್ಟಿದ್ದೆ. ಅವರನ್ನು ಕರೆತಂದವರು ಕನಕರಾಜ, ಕುಮಾರಪಟ್ಟಣದ ಕಾರ್ಖಾನೆಯ ಇಂಜಿನಿಯರು. “ನಮ್ಮ ಚರ್ಚಿನ ಮಿಷನರಿಗಳು, ಮಾರ್ಮನ್ ಪಂಥದವರು. ಎರಡು ವರ್ಷ ಮನೆ ಬಿಟ್ಟು ಸೇವೆ ಮಾಡ್ತಾರ್ರಿ” ಎಂದರು.

ನಾನು ಸುತ್ತಿ ಬಳಸಿ ಕೇಳುವವಳಲ್ಲ. “ನಮ್ಮ ಓಣ್ಯಾಗ ಮಂದಿ ಧರ್ಮ ಬದಲಿ ಮಾಡ್ಸಾಕ ಬಂದಾರೇನ್ರಿ?” ಎಂದೆ.

“ಇಲ್ಲಮ್ಮ, ಕರೆದವರ ಮನೆಗೆ ಮಾತ್ರ ಹೋಗ್ತೀವಿ” ಎಂದ ಇಬ್ಬರಲ್ಲಿ ಒಬ್ಬ. ಅವನು ನಥಾನಿಯಲ್, ಕೋಲಾರದ ಕಡೆಯವನು, ಕಡ್ಡಿಯಂಥ ಹುಡುಗ. ಇನ್ನೊಬ್ಬ ಬಾಗಿಲಲ್ಲಿ ತಲೆ ತಗ್ಗಿಸಿಕೊಂಡು ಒಳಗೆ ಬಂದ. ಪರದೇಶದವನು ಬರುತ್ತಾನೆಂದು ಕೇಳಿ ಓಣಿಯವರೆಲ್ಲ ಬಿಳಿ ಮನುಷ್ಯನನ್ನು ನೋಡಲು ನಿಂತಿದ್ದರು. ಬಂದವನು ನೋಡಿದರೆ ನಮ್ಮ ಕಡೆಯ ಗರಡಿ ಪೈಲ್ವಾನನೇ: ಕಂದು ಬಣ್ಣ, ಗುಂಗುರು ಕೂದಲು, ತೊಲೆಯಂಥ ತೋಳು. ಟೋಂಗಾ ಎಂಬ, ಸಮುದ್ರದ ನಡುವಿನ ದೇಶದವನಂತೆ. ಹೆಸರು ಲಾತು, ವಯಸ್ಸು ಇಪ್ಪತ್ತು. ಸೈದಾಬಿಗೆ ನಿರಾಶೆಯಾಯಿತು. “ಇಂಥಾಂವ ನಮ್ಮ ಹಾವೇರ್‍ಯಾಗ ಹತ್ತು ಮಂದಿ ಸಿಗತಾರಲ್ಲ” ಎಂದು ಒಳಗೆ ಹೋದಳು.

ಅವರ ನೇಮ ವಿಚಿತ್ರ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಎಲ್ಲಿಗೂ ಹೋಗುವಂತಿಲ್ಲ. ಒಬ್ಬನಿಗೆ ಚಪ್ಪಲಿ ಹೊಲಿಸಬೇಕಾದರೆ ಇನ್ನೊಬ್ಬನೂ ಹೋಗಿ ಬಿಸಿಲಲ್ಲಿ ನಿಲ್ಲಬೇಕು. ಚಹಾ ಕುಡಿಯುವುದಿಲ್ಲ, ಕಾಫಿಯೂ ಇಲ್ಲ. ಚಹಾ ಬೇಡ ಎಂದವನನ್ನು ನಾವು ಜಗಳಕ್ಕೆ ಬಂದವನೆಂದೇ ತಿಳಿಯುವ ಮಂದಿ. ಅವರಿಗೆ ಮಜ್ಜಿಗೆ ಕೊಟ್ಟು ಕೊಟ್ಟು ನನಗೂ ರೂಢಿಯಾಯಿತು. ಮೂರು ತಿಂಗಳಲ್ಲಿ ಲಾತು ನನ್ನ ಗಿರಾಕಿಗಳಿಂದಲೇ ಕನ್ನಡ ಕಲಿತ. ನಥಾನಿಯಲ್ ಬೆಂಗಳೂರಿನವರ ಹಾಗೆ “ಸಾಕಮ್ಮ” ಎನ್ನುತ್ತಿದ್ದರೆ, ಇವನು “ಇನ್ನೊಂದ್ ರೊಟ್ಟಿ ಹಾಕ್ರಿ ಅವ್ವಾರ” ಎನ್ನುತ್ತಿದ್ದ. ಹಾಗೆ ಕೇಳಿದ ಮೇಲೆ ಯಾವ ಹೆಂಗಸು ಎರಡು ಹಾಕದೆ ಇದ್ದಾಳು?

ಈಗ ಆ ಒಂದು ವಾರದ ಮಾತು ಹೇಳುತ್ತೇನೆ.

ಸೋಮವಾರ ಅವರಿಗೆ ಬಿಡುವು. ಬಿಳಿ ಅಂಗಿಗಳನ್ನೆಲ್ಲ ಒಗೆದು ಮಾಳಿಗೆಯ ಮೇಲೆ ಹರವಿ, ಮನೆಯವರಿಗೆ ಫೋನು ಮಾಡುತ್ತಾರೆ. ಮೇಲೆ ಸಿಗ್ನಲ್ ಸಿಗದೆ ಲಾತು ನನ್ನ ಹಿತ್ತಲಿಗೇ ಬರುವುದು. ಆ ದಿನ ಫೋನಿನಲ್ಲಿ ಅವನ ಅಪ್ಪನನ್ನು ತೋರಿಸಿದ. ಕಿಡ್ನಿ ಕೆಟ್ಟು ಮುಖ ಬಾತಿತ್ತು, ಆದರೂ ನಗುತ್ತಿದ್ದರು. ನಾನು ಕೈಮುಗಿದೆ, ಅವರೂ ಕೈಯೆತ್ತಿದರು. “ಏನಂತಾರ ನಿಮ್ಮಪ್ಪಾರು?” ಎಂದು ಕೇಳಿದೆ. “ಊಟ ಹಾಕೂ ಅವ್ವಾರು ಇವರೇನು ಅಂತ ಕೇಳಾಕತ್ತಾರ್ರಿ” ಎಂದ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಇಬ್ಬರೂ ಬ್ಯಾಡಗಿಗೆ ಹೋದರು. ಅಲ್ಲಿ ಸುಧಾರಾಣಿ ಎಂಬ ನರ್ಸು ಇದ್ದಾಳೆ, ಬೆಂಗಳೂರಿನಲ್ಲಿದ್ದಾಗಲೇ ಅವರ ಚರ್ಚಿಗೆ ಸೇರಿದವಳು. ಮೆಣಸಿನಕಾಯಿ ಮಾರುಕಟ್ಟೆ ದಾಟಿ ಹೋಗುವಾಗ ಪೈಲ್ವಾನ ಸೋತುಹೋದನಂತೆ. ಸೀನಿ ಸೀನಿ, ಕಣ್ಣಲ್ಲಿ ನೀರು ಸುರಿಸಿಕೊಂಡು ಸಂಜೆ ಬಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಬುಧವಾರ ಹಾವೇರಿಗೆ ಹೋಗಿದ್ದರು, ಪರದೇಶದವನ ಕಾಗದಪತ್ರದ ಕೆಲಸಕ್ಕೆ. ತಿರುಗಿ ಬಂದಾಗ ಸಂಜೆಯಾಗಿತ್ತು. ಲಾತು ಸೀದಾ ಒಲೆಯ ಹತ್ತಿರ ಬಂದು ನಿಂತ.

“ಅವ್ವಾರ, ನಮ್ಮಪ್ಪ ತೀರ್ಕೊಂಡ್ರು.”

ಹಾವೇರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗ ಫೋನು ಬಂದಿತ್ತಂತೆ. ನಾನು ಬಾಯಿ ತೆಗೆದು ಅತ್ತೆ. ಸೈದಾಬಿ ಓಡಿ ಬಂದಳು, ಅವಳೂ ಸೆರಗು ಬಾಯಿಗೆ ಇಟ್ಟುಕೊಂಡಳು. ಹಿಂದಿನ ದಿನ ಮೆಣಸಿನಕಾಯಿ ಘಾಟಿಗೆ ಹೊಳೆಯಾಗಿ ಹರಿದ ಕಣ್ಣು ಅವತ್ತು ಒಣಗಿತ್ತು. ಅವನು ನಮ್ಮನ್ನೇ ಸಮಾಧಾನ ಮಾಡುವವನ ಹಾಗೆ ನಿಂತಿದ್ದ.

ಸಾವು ಎಂದ ಕೂಡಲೇ ನಮ್ಮ ಕಡೆ ಕೇಳುವುದು ಒಂದೇ ಮಾತು. “ಮಣ್ಣು ಯಾವಾಗ?” ಎಂದೆ.

“ಶನಿವಾರರಿ.”

“ಹಂಗಾರ ನಡಿ, ಲಗೂ ಹೊಂಡು. ನಾಳೆ ಮುಂಜಾನೆ ರೈಲಿಗೆ ಬೆಂಗಳೂರು, ಅಲ್ಲಿಂದ ವಿಮಾನ. ಮುಟ್ಟತೀದಿ.”

“ನಾ ಹೋಗಂಗಿಲ್ರಿ” ಎಂದು ಮೆಟ್ಟಿಲು ಹತ್ತಿಬಿಟ್ಟ.

ನಾನು ನಥಾನಿಯಲ್‌ನನ್ನು ಹಿಡಿದು ನಿಲ್ಲಿಸಿದೆ. ಅವನು ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದ. ಹೋಗಬೇಡ ಎಂದು ಯಾರೂ ಹೇಳಿಲ್ಲ. ಬೆಂಗಳೂರಿನಲ್ಲಿರುವ ಅವರ ಹಿರಿಯರು, ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು ಎಂದಿದ್ದಾರೆ. ಆದರೆ ಈ ವೀಸಾಕ್ಕೆ ಲಾತು ಒಂದು ವರ್ಷ ಕಾದಿದ್ದ. ಈಗ ಹೋದರೆ ತಿರುಗಿ ಬರುವುದು ಆಗಲಾರದು. ಮನೆ ಬಿಡುವಾಗ ಅಪ್ಪ ಇವನ ಕೈಹಿಡಿದು, ನನಗೆ ಏನೇ ಆದರೂ ಕೆಲಸ ಅರ್ಧಕ್ಕೆ ಬಿಟ್ಟು ಬರಬೇಡ ಎಂದಿದ್ದರಂತೆ. ಇವನು ಹೂಂ ಎಂದಿದ್ದ. ಅವರಲ್ಲಿ ಎಷ್ಟೋ ಮಿಷನರಿಗಳು ಹೀಗೆಯೇ ನಿಲ್ಲುತ್ತಾರಂತೆ.

“ಅಕ್ಕತಂಗೇರು ಅದಾರೇನು?”

“ನಾಲ್ಕು ಜನ. ಇವನೊಬ್ಬನೇ ಮಗ.”

ಒಬ್ಬನೇ ಮಗ. ನನಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ಹೂಳುವ ಮಂದಿ ನಾವು. ಹಿಡಿ ಮಣ್ಣು ಹಾಕಲು ನೂರು ಹರದಾರಿಯಿಂದ ಬರುತ್ತೇವೆ. ಲಗ್ನಕ್ಕೆ ಹೋಗದಿದ್ದರೆ ನಡೆಯುತ್ತದೆ, ಮಣ್ಣಿಗೆ ಹೋಗದಿದ್ದರೆ ನಡೆಯುವುದಿಲ್ಲ. ಮಣ್ಣಿಗೆ ಬಾರದ ತಮ್ಮನ ಹತ್ತಿರ ಸಾಯುವ ತನಕ ಮಾತು ಬಿಟ್ಟವರನ್ನು ನಾನು ನೋಡಿದ್ದೇನೆ. ಸೈದಾಬಿಯ ಮಂದಿಯಲ್ಲೂ ಹಾಗೆಯೇ, ಮೂರು ಹಿಡಿ ಮಣ್ಣು ಕೊಡಲೇಬೇಕು.

ಗುರುವಾರ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದೆ. ಶೇಂಗಾ ಚಟ್ನಿ, ಕೆಂಪು ಖಾರ, ಎಣ್ಣೆಗಾಯಿ ಎಲ್ಲ ಸೇರಿಸಿ ಬುತ್ತಿ ಕಟ್ಟಿದೆ. ನನ್ನ ಗಂಡ ಹಾಲೇಶಪ್ಪ, ವಾರಕ್ಕೊಂದು ಮಾತಾಡುವ ಮನುಷ್ಯ, “ಅವನ ಅಪ್ಪ, ಅವನ ಮಣ್ಣು. ನಡುವ ನಿಂದೇನ?” ಎಂದ. “ನೀವು ಗಲ್ಲಾಪೆಟ್ಟಿಗಿ ನೋಡಕೋರಿ” ಎಂದೆ.

ಹುಡುಗರು ಇಳಿದು ಬಂದರು. ಲಾತುವಿನ ಕೈಯಲ್ಲಿ ಚೀಲವಿರಲಿಲ್ಲ. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಪಟ್ಟಿ, ದಿನದ ಹಾಗೆಯೇ. ನಾನು ಬುತ್ತಿ ಅವನ ಕೈಗೆ ಕೊಟ್ಟೆ.

“ಇದು ರೈಲಿನ ಬುತ್ತಿ. ಇವತ್ತು ಬಿಟ್ಟರ ಮಣ್ಣಿಗೆ ಮುಟ್ಟಂಗಿಲ್ಲ ನೀ.”

“ಇವತ್ತು ಬ್ಯಾಡಗಿಗೆ ಹೊಂಟೇವ್ರಿ ಅವ್ವಾರ. ಸುಧಾರಾಣಿ ಅಕ್ಕಾರಿಗೆ ಬರ್ತೇವಿ ಅಂತ ಹೇಳೇವಿ.”

ನನ್ನ ಬಾಯಿಗೆ ತಡೆ ಇರಲಿಲ್ಲ. “ಒಬ್ಬನ ಮಗ ಅದೀದಿ. ಅಕ್ಕತಂಗೇರು ಕುಣಿ ಮುಂದ ಅಳಕೋತ ನಿಂತಾಗ ನೀ ಇಲ್ಲೆ ಟೈ ಕಟಗೊಂಡು ತಿರಗ್ಯಾಡತೀ ಏನು? ಬರಬ್ಯಾಡ ಅಂದದ್ದು ಜೀವಂತ ಇದ್ದಾಗಿನ ಮಾತು. ಸತ್ತಾಂವ ಹಂಗಂತಾನೇನು? ನಿಮ್ಮ ದೇವರು ಕಲ್ಲೋ, ನೀ ಕಲ್ಲೋ?”

ಉಣ್ಣುತ್ತಿದ್ದವರ ಕೈ ನಿಂತವು. ಅವನು ಬುತ್ತಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು, “ಬರ್ತೇನ್ರಿ” ಎಂದು ಹೊರಟುಹೋದ. ಬೆಂಗಳೂರಿನ ರೈಲು ಕೂಗಿದ್ದು ನನಗೆ ಖಾನಾವಳಿಯೊಳಗೇ ಕೇಳಿಸಿತು.

ಮಧ್ಯಾಹ್ನ ಸುಧಾರಾಣಿ ಫೋನು ಮಾಡಿದಳು. “ಅಕ್ಕಾರ, ನೀವು ಕಟ್ಟಿದ ಬುತ್ತಿ ತೊಡಿ ಮ್ಯಾಲೆ ಇಟ್ಕೊಂಡು ಕುಂತಾನ್ರಿ. ಬಿಚ್ಚವಲ್ಲ, ಕೆಳಗೂ ಇಡವಲ್ಲ. ಏನ್ ಮಾಡಲಿ?” ಏನೂ ಮಾಡಬೇಡ ಎಂದೆ.

ಶುಕ್ರವಾರ ನಾನು ಅವನ ಹತ್ತಿರ ಮಾತಾಡಲಿಲ್ಲ. ಊಟವನ್ನು ಹಾಲೇಶಪ್ಪನ ಕೈಯಲ್ಲಿ ಮೇಲೆ ಕಳಿಸಿದೆ. ಲಾತು ಹಿತ್ತಲಿಗೆ ಬಂದು ನನ್ನ ದೊಡ್ಡ ಹಂಡೆಗಳನ್ನು ತಿಕ್ಕಿ ತೊಳೆದಿಟ್ಟ. ವಾರವಾರ ಮಾಡುವ ಕೆಲಸ. ಕಿಟಕಿಯಿಂದ ನೋಡಿದೆ, ತೊಳೆದ ಹಂಡೆಯನ್ನೇ ಮತ್ತೆ ತೊಳೆಯುತ್ತಿದ್ದ.

ಶನಿವಾರ ಇಲ್ಲಿ ಬೆಳಗಾಗುವ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಮಣ್ಣು ಫೋನಿನಲ್ಲಿ ಕಾಣುತ್ತದೆ, ಹಿತ್ತಲಲ್ಲಿ ಕೂರಬಹುದೇ ಎಂದು ನಥಾನಿಯಲ್ ಕೇಳಿದ. ಕೇಳಬೇಕೇ ಅದನ್ನು? ನಾನು ಚಾಪೆ ಹಾಸಿದೆ. ಸೈದಾಬಿ ಬಂದಳು, ಹಾಲೇಶಪ್ಪ ಟೊಪ್ಪಿಗೆ ತೆಗೆದು ನಿಂತ. ಒರಳಿನ ಮೇಲೆ ಫೋನು ನಿಲ್ಲಿಸಿ ಲಾತು ಮೊಣಕಾಲೂರಿದ.

ಅಲ್ಲಿಯ ಮಂದಿಯೆಲ್ಲ ಕರಿ ಬಟ್ಟೆಯ ಮೇಲೆ, ತಮ್ಮ ಪದ್ಧತಿಯಂತೆ, ಸೊಂಟಕ್ಕೆ ಚಾಪೆ ಸುತ್ತಿಕೊಂಡಿದ್ದರು. ಪೆಟ್ಟಿಗೆ ಕುಣಿಗೆ ಇಳಿಯಿತು. ಅವನ ಅವ್ವ ಫೋನು ಕೈಗೆ ತೆಗೆದುಕೊಂಡು ಏನೋ ಹೇಳಿದಳು, ಲಾತು ಅದನ್ನು ನಥಾನಿಯಲ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದ. “ಪ್ರಾರ್ಥನೆ ಇವನೇ ಹೇಳಬೇಕಂತೆ, ಬೇರೆ ಯಾರೂ ಹೇಳೋದು ಬೇಡ ಅಂತಿದ್ದಾರೆ” ಎಂದ ನಥಾನಿಯಲ್. ಲಾತು ಕಣ್ಣು ಮುಚ್ಚಿ ತನ್ನ ಭಾಷೆಯಲ್ಲಿ ಹೇಳತೊಡಗಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅಲ್ಲಿ ಅಷ್ಟೂ ಮಂದಿ ತಲೆ ಬಗ್ಗಿಸಿದರು. ಇಲ್ಲಿ ಸೈದಾಬಿ ತಲೆಯ ಮೇಲೆ ಸೆರಗು ಹೊದ್ದಳು. ಅವನು ಮುಗಿಸಿದ ಮೇಲೆ ಮಣ್ಣು ಬೀಳುವ ಸಪ್ಪಳ ಫೋನಿನಲ್ಲಿ ಬಂತು, ಬಹಳ ಹೊತ್ತು ಬಂತು. ಅವನು ಅಲುಗಾಡದೆ ನೋಡಿದ. ಒಂದು ಹನಿಯೂ ಉದುರಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹೊತ್ತಿಸಬಾರದು, ಮಂದಿ ಬುತ್ತಿ ತರಬೇಕು. ಆ ದಿನ ಮೇಲಿನ ಕೋಣೆಗೆ ಓಣಿಯೆಲ್ಲ ಬುತ್ತಿ ತಂದಿತು. ಸೈದಾಬಿ ದುಃಖದಲ್ಲಿ ಎಲ್ಲ ಮರೆತು ಥರ್ಮಾಸಿನಲ್ಲಿ ಚಹಾ ತಂದಿದ್ದಳು. ನಥಾನಿಯಲ್ ಬಾಯಿ ತೆರೆಯುವಷ್ಟರಲ್ಲಿ ಲಾತು ಕಣ್ಸನ್ನೆಯಿಂದ ಅವನನ್ನು ಸುಮ್ಮನಾಗಿಸಿ ಲೋಟ ಇಸಿದುಕೊಂಡ. ಕುಡಿಯಲಿಲ್ಲ. ಅವಳು ಎದ್ದು ಹೋಗುವ ತನಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ. ಅವಳಿಗೆ ಅದು ಗೊತ್ತಾಗಲೂ ಇಲ್ಲ.

ಭಾನುವಾರ ಕುಮಾರಪಟ್ಟಣದಲ್ಲಿ ಕನಕರಾಜರ ಮನೆಯಲ್ಲಿ ಅವರ ಪ್ರಾರ್ಥನೆ. ಮುಗಿಸಿ ಬಂದಾಗ ಇಳಿಹೊತ್ತು. ಖಾನಾವಳಿ ಖಾಲಿಯಾಗಿತ್ತು, ನಾನು ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದೆ. ನಥಾನಿಯಲ್ ಹೊರಗಿನ ಕಟ್ಟೆಯ ಮೇಲೆ ನಮ್ಮ ಕಡೆ ಬೆನ್ನು ಮಾಡಿ ಕೂತ. ಅವರ ನೇಮದಲ್ಲಿ ಅದಕ್ಕಿಂತ ದೂರ ಹೋಗುವಂತಿಲ್ಲ. ಲಾತು ನನ್ನೆದುರು ಕೂತು, ಒಂದು ಸಿವುಡು ಎತ್ತಿಕೊಂಡು, ಆ ದಪ್ಪ ಬೆರಳುಗಳಿಂದ ಒಂದೊಂದೇ ಎಲೆ ಬಿಡಿಸತೊಡಗಿದ.

“ಅವ್ವಾರ.”

“ಏನೋ?”

“ನಾ ಹೋಗಬೇಕಾಗಿತ್ತು.”

ನಾನು ತಲೆಯೆತ್ತಿದೆ. ಅವನ ಕಣ್ಣೀರು ಸೊಪ್ಪಿನ ಮೇಲೆ ಬೀಳುತ್ತಿತ್ತು. ಇಷ್ಟು ದೊಡ್ಡ ಹುಡುಗ ಸಪ್ಪಳವಿಲ್ಲದೆ ಅಳುತ್ತಿದ್ದ.

“ನಮ್ಮವ್ವ ಫೋನು ಹಿಡಕೊಂಡಿದ್ಲಲ್ರಿ, ಕೈ ನಡಗಾಕತ್ತಿತ್ತು. ಆ ಕೈ ಹಿಡಿಯಾಕ ನಾ ಇರಲಿಲ್ಲ. ಅಪ್ಪ ಹೇಳಿದ್ದು ನಡಸೇನಿ. ಆದ್ರ ಅವ್ವಗ ನಾ ಬೇಕಾಗಿದ್ದೆ. ನಾ ಹೋಗಬೇಕಾಗಿತ್ತು. ನೀವು ಹೇಳಿದ್ದ ಖರೇ.”

ವಾರವೆಲ್ಲ ನಾನು ಕಾದದ್ದು ಈ ಒಂದು ಮಾತಿಗೇ. ಬುಧವಾರ ಸಂಜೆ ಹೇಳಿದ್ದರೆ ನಾನೇ ಕೈಹಿಡಿದು ರೈಲು ಹತ್ತಿಸುತ್ತಿದ್ದೆ. ಹೇಳಿದ್ದೆನಲ್ಲ ನಾನು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಈಗ ಯಾವ ರೈಲು ಹತ್ತಿದರೂ ಆ ಮಣ್ಣಿಗೆ ಮುಟ್ಟುವುದಿಲ್ಲ. ಇನ್ನು ಇವನು ನೂರು ವರ್ಷ ಬಾಳಿದರೂ ಮುಟ್ಟುವುದಿಲ್ಲ. ಈ ಮಾತನ್ನು ಹೊತ್ತುಕೊಂಡೇ ಬಾಳಬೇಕು, ಇಪ್ಪತ್ತು ವರ್ಷದ ಹುಡುಗ.

“ಇಲ್ಲೋ ಯಪ್ಪಾ” ಎಂದೆ. “ನಾ ಹೇಳಿದ್ದ ಸುಳ್ಳು. ನೀ ಇಲ್ಲೆ ಉಳಿದಿದ್ದ ಚಲೋ ಆತು. ಹಿಡಿ ಮಣ್ಣು ಯಾರರ ಹಾಕತಾರ. ಅಪ್ಪನ ಮಾತು ಉಳಸಾಂವ ಮಗ ಒಬ್ಬನ.”

ಅವನು ಕೆಂಪಾದ ಕಣ್ಣಿಂದ ನನ್ನನ್ನೇ ನೋಡಿದ. “ಖರೇನ್ರಿ ಅವ್ವಾರ?”

ಅವನು ಹೋಗಲೇಬೇಕಿತ್ತು. ನಾನು ಸಾಯುವ ತನಕ ನನ್ನ ಮಾತು ಅದೇ. ಸೊಪ್ಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ತಲೆಯ ಮೇಲಿಟ್ಟೆ.

“ದೇವರಗುಡ್ಡದ ಮಾಲತೇಶನ ಆಣೆ” ಎಂದೆ. “ಖರೇ.”