ಉಪವಾಸ ಮುರಿಯದ ಸೂಜಿ

ಮೊಣಕಾಲಿನ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರೆ ಕಾಲು ಒಂಚೂರು ಎಗರಬೇಕು, ಎಗರಿತೇ, ಎಗರಿದಂತಾಯಿತು, ಇಲ್ಲ, ಅಲುಗಿದ್ದು ಮಂಚ — ಚೀನೀ ನರ್ಸ್ ವೆನ್‌ಶಿಯು ಮತ್ತೆ ತಟ್ಟಿದಳು, ಫಿಟ್ಸ್ ತಡೆಯುವ ಔಷಧಿ ಹನಿಹನಿಯಾಗಿ ಇಳಿಯುತ್ತಿದೆ, ವರ್ದಾಳ ಊದಿದ ಈ ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ, ನಿನ್ನೆ ಇವೇ ಪಾದಗಳು ಚಪ್ಪಲಿಯೊಳಗೆ ಹಿಡಿಸದೆ ಹಿಮ್ಮಡಿ ಹೊರಗೆ ಚಾಚಿಕೊಂಡು ನಡೆದು ಹೋದವಲ್ಲ, ನೋಡಿದ್ದಳಲ್ಲ, ಕಣ್ಣಾರೆ ನೋಡಿದ್ದಳು. ರಮದಾನ್ ಬಂತೆಂದರೆ ಅಲ್ಜೀರಿಯಾದ ಈ ಹೆರಿಗೆ ಆಸ್ಪತ್ರೆಯಲ್ಲಿ ಚೀನೀಯರ ಅಕ್ಯುಪಂಕ್ಚರ್ ಕೋಣೆಯ ಮುಂದೆ ಸಾಲು ಬೆಳೆಯುತ್ತದೆ, ಮಾತ್ರೆ ನುಂಗಿದರೆ ಉಪವಾಸ ಮುರಿಯುತ್ತದೆ, ಸೂಜಿ ಚುಚ್ಚಿಸಿಕೊಂಡರೆ ಮುರಿಯುವುದಿಲ್ಲ, ಸೇವೆಗೆಂದು ಇಷ್ಟು ದೂರ ಬಂದ ನರ್ಸಮ್ಮನಿಗೆ ಅದೊಂದು ಹೆಮ್ಮೆ ಬೇರೆ, ಇಂಗ್ಲಿಷ್ ವೈದ್ಯ, ಚೀನೀ ವೈದ್ಯ ಎರಡೂ ಬಲ್ಲವಳು ಎಂಬ ಕೊಬ್ಬು. ನಿನ್ನೆ ಮಧ್ಯಾಹ್ನ ಆ ಸಾಲಿನಲ್ಲಿ ವರ್ದಾ, ತುಂಬಿದ ಬಸುರಿ, ತಲೆ ಸಿಡೀತಿದೆ ಅಕ್ಕಾ, ಮಾತ್ರೆ ಮಾತ್ರ ಕೊಡಬೇಡ, ಬಸುರಿ ಉಪವಾಸ ಬಿಡಬಹುದು ಅಂತ ದೇವರೇ ಹೇಳಿದ್ದಾನಲ್ಲಮ್ಮ, ಹೇಳಿದ್ದಾನೆ, ಆಮೇಲೆ ಊರೆಲ್ಲ ಉಣ್ಣೋವಾಗ ಒಬ್ಬಳೇ ಹಸ್ಕೊಂಡು ಅದನ್ನ ತೀರಿಸೋರ‍್ಯಾರು, ನೀನು ತೀರಿಸ್ತೀಯಾ — ಸಾಲಿನ ಹೆಂಗಸರೆಲ್ಲ ನಕ್ಕರು, ವೆನ್‌ಶಿಯುವೂ ನಕ್ಕಳು, ವರ್ದಾಳ ಹುಬ್ಬುಗಳ ನಡುವೆ ಸೂಜಿ ಇಳಿಸಿದಳು, ಬಿಗಿದಿದ್ದ ಮುಖ ಸಡಿಲವಾಯಿತು, ಹೋಯ್ತು ಅಕ್ಕಾ, ನಿನ್ನ ಕೈಗೊಂದು ಮುತ್ತು ಕೊಡ್ಬೇಕು, ರಕ್ತದೊತ್ತಡ ಅಳೆಯುವ ಪಟ್ಟಿ ಮೇಜಿನ ಮೇಲೆ ಸುತ್ತಿಟ್ಟಲ್ಲೇ ಇತ್ತು, ನೋವೇ ಹೋದ ಮೇಲೆ ಇನ್ನೇನು ಅಳೆಯುವುದು, ಹೊರಗೆ ಅಷ್ಟು ಜನ ಕಾಯುತ್ತಿದ್ದಾರೆ, ಹೋಗಿ ಬಾ, ಮುಂದಿನವರು ಬನ್ನಿ — ಬಾಗಿಲು ದಾಟಿದ ಆ ಹಿಮ್ಮಡಿಗಳು, ಮೇಣದ ಹಾಗೆ ಹೊಳೆಯುವ ಚರ್ಮ.

ಸಂಜೆ ಮಸೀದಿಯಲ್ಲಿ ಬಾಂಗ್ ಆಯಿತು, ಸೂಪಿನ ಬಟ್ಟಲು ಬಾಯಿಗಿಟ್ಟಿದ್ಲಷ್ಟೇ, ಕಣ್ಣು ಮೇಲಾಯ್ತು, ಹಲ್ಲು ಕಚ್ಕೊಂಡ್ಳು ಎಂದು ತಾಯಿ ಜೌಹರ್ ಎದೆ ಬಡಿದುಕೊಂಡಳು, ಹೊಟ್ಟೆ ಕೊಯ್ದು ಮಗುವನ್ನು ತೆಗೆದರು, ಮಗು ಉಳಿದಿದೆ, ಇವಳ ಮಿದುಳಿನಲ್ಲಿ ರಕ್ತನಾಳ ಒಡೆದಿದೆ. ಮಧ್ಯಾಹ್ನ ಬಿಪಿ ಎಷ್ಟಿತ್ತು, ಡಾಕ್ಟರ್ ಬೆಲ್ಹಾಜ್ ಕೇಳಿದರು, ನೋಡಲಿಲ್ಲ ಎಂದಳು, ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಊರಿನಲ್ಲಿ ಸೂಜಿ ಹಾಕಲು ಕಲಿಸಿದ ಗುರು ಹಾನ್ ರೇಗುತ್ತಿದ್ದರು, ಮೊದಲು ನಾಡಿ ಹಿಡಿ, ನಾಲಿಗೆ ನೋಡು, ಆಮೇಲೆ ಸೂಜಿ ಮುಟ್ಟು ಕತ್ತೆ, ನಾಡಿಯನ್ನಾದರೂ ಹಿಡಿದಳೇ, ಅದೂ ಇಲ್ಲ, ಎರಡು ವೈದ್ಯ ಕಲಿತವಳು ಎರಡನ್ನೂ ಬಿಟ್ಟಳು. ಕಿಟಕಿಯಲ್ಲಿ ಬಿಸಿಲು ಏರಿದೆ, ಟಾರ್ಚು ಬಿಟ್ಟರೆ ಒಂದು ಕಣ್ಣಿನ ಪಾಪೆ ಕುಗ್ಗುತ್ತಲೇ ಇಲ್ಲ, ಹಿಂದಿನಿಂದ ಯಾರೋ ತೋಳು ಹಿಡಿದರು, ಜೌಹರ್, ಮಗಳೇ, ಡಾಕ್ಟರು ಕೈಚೆಲ್ಲಿದ್ರು, ನೀನು ಚೆಲ್ಲಬೇಡ, ಒಂದೇ ಸೂಜೀಲಿ ಚೀನೀ ಅಕ್ಕ ನೋವೆಲ್ಲ ತೆಗೆದ್ಲು ಅಂತ ಮನೆಗೆ ಬಂದೋಳೇ ಕುಣಿದಾಡಿದ್ಲು, ಹಾಕಮ್ಮ, ಅದನ್ನೇ ಇನ್ನೊಂದ್ಸಲ ಹಾಕು — ಹೇಳಿಬಿಡಬೇಕು, ಅಮ್ಮಾ, ಆ ನೋವು ಇರಬೇಕಿತ್ತು, ರಕ್ತದೊತ್ತಡ ಏರಿದೆ ಎಂದು ಕೂಗುತ್ತಿದ್ದದ್ದು ಅದೇ, ಅದಿದ್ದಿದ್ದರೆ ನಿನ್ನ ಮಗಳನ್ನು ಮನೆಗೆ ಕಳಿಸುತ್ತಿರಲಿಲ್ಲ, ಮುದುಕಿ ಅವಳ ಅಂಗೈ ತೆಗೆದು ಮುತ್ತಿಡುತ್ತಿದ್ದಾಳೆ, ಹಾಕು ಮಗಳೇ, ಹಾಕು, ಮತ್ತು ಚಪ್ಪಲಿ, ಚಪ್ಪಲಿಯ ಹೊರಗೆ ಹಿಮ್ಮಡಿ, ಆ ಹಿಮ್ಮಡಿಗಳು ಬಾಗಿಲು ದಾಟುತ್ತಿವೆ, ಕರೆದರೆ ಇನ್ನೂ ಕೇಳಿಸುತ್ತದೆ, ಬಾಗಿಲು ದಾಟುತ್ತಿವೆ