ತಾನಾಗಿ ಬಂದ ಹುಲ್ಲು

ಓಬಳಮ್ಮ ತನ್ನ ಮಾವನ ಕಾಲದಿಂದ ಬೆಳೆಯಲ್ಲಿ ಪಾಲು ಕೊಟ್ಟು ವಾರಕ್ಕೆ ರಾಗಿ ಬೆಳೆಯುತ್ತಿದ್ದ ಒಂದೂವರೆ ಎಕರೆಯಲ್ಲಿ ಜಮೀನಿನ ಧಣಿ ಶಿವರಾಮಯ್ಯನವರು ಕಾಡು ನೆಡಿಸಿದರು. ಗುಂಡಿ ತೋಡಿದವಳೂ ಓಬಳಮ್ಮನೇ, ದಿನಗೂಲಿಗೆ.

ಉಳುವ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಗೇಣಿದಾರರು ಮತ್ತೊಮ್ಮೆ ಅರ್ಜಿ ಹಾಕಬಹುದೆಂದು ಗುಬ್ಬಿಯಲ್ಲಿ ಸುದ್ದಿ ಹರಡಿದ ವರ್ಷ ಅದು, ತೊಂಬತ್ತೆಂಟು. ಓಬಳಮ್ಮ ಹೆಬ್ಬೆಟ್ಟೊತ್ತಿ ಅರ್ಜಿ ಕೊಟ್ಟಳು. ಅದು ತುಮಕೂರಿನಲ್ಲಿ, ಮರಳೂರಿನ ಮನೆಯಲ್ಲಿದ್ದ ಶಿವರಾಮಯ್ಯನವರ ಕಿವಿಗೆ ಬಿದ್ದ ಹದಿನೈದೇ ದಿನಕ್ಕೆ ಅವರಿಗೆ ಮರಗಳ ಮೇಲೆ ಪ್ರೀತಿ ಹುಟ್ಟಿತು. ಕಮರ, ಹೊನ್ನೆ, ತಪಸಿ, ದಿಂಡಿಗದ ಸಸಿಗಳು ಟೆಂಪೋದಲ್ಲಿ ಬಂದವು. ‘ನಮ್ಮ ನಾಡಿನ ಮರಗಳ ವನ’ ಎಂಬ ಬೋರ್ಡು ಬಂತು. ಮುಳ್ಳುತಂತಿಯೂ ಬಂತು. ಬೆಳೆಯೇ ಇಲ್ಲದ ಜಮೀನಿಗೆ ಗೇಣಿದಾರಳು ಎಲ್ಲಿಂದ ಬಂದಳು ಎಂದು ಅವರು ಊರ ಹೋಟೆಲಿನಲ್ಲಿ ಕೇಳಿ ನಕ್ಕರಂತೆ.

ಸಸಿಗಳ ಮೇಲೆ ಓಬಳಮ್ಮನಿಗೆ ಸಿಟ್ಟಿರಲಿಲ್ಲ. ಕಮರ ಏನು ತಪ್ಪು ಮಾಡಿತ್ತು? ಚೆನ್ನಾಗಿಯೇ ನೀರು ಹಾಕಿದಳು. ಅವಳಿಗೆ ಬಾಯಾರಿದರೆ ಶಿವರಾಮಯ್ಯನವರು ಗಿಡಕ್ಕೆ ಬಿಡುವ ಪೈಪನ್ನೇ ತೋರಿಸುತ್ತಿದ್ದರು; ಹೂಜಿ ಮುಟ್ಟುವಂತಿರಲಿಲ್ಲ.

ಭಾನುವಾರ ಬಿಳಿ ಮಾರುತಿಯಲ್ಲಿ ಬಂದು ಪಾಠ ಮಾಡುತ್ತಿದ್ದರು. ಹೊರಗಿನಿಂದ ಬಂದು ಈ ಮಣ್ಣಿಗೆ ಸೇರದ್ದೆಲ್ಲ ಕಳೆ, ಕಂಡಲ್ಲಿ ಕಿತ್ತು ಹಾಕಬೇಕು ಎಂದರು.

“ಮರಳೂರಿಂದ ಬರೋದ್ನೂವಾ ಅತ್ಗೆ?” ಎಂದ ಅವಳ ಮೈದುನ ಚಿಕ್ಕಬೋರಯ್ಯ, ಗುದ್ದಲಿಗೆ ಹೇಳಿದವನಂತೆ.

“ಮುಚ್ಚೋ ಮುಂಡೇದೆ. ಕೂಲಿ ಹೋಯ್ತದೆ.”

ಮಳೆ ಹಿಡಿದ ಮೇಲೆ ಸಸಿಗಳ ನಡುವೆ ಹಸಿರು ಎದ್ದಿತು. ಹಿಂದಿನ ಕೊಯ್ಲಿನಲ್ಲಿ ಉದುರಿದ್ದ ರಾಗಿ. ಉದುರಿದ್ದು ಸಾಲದೆಂದು ಓಬಳಮ್ಮ ಮಡಿಲಿನಿಂದ ಇನ್ನಷ್ಟು ಉದುರಿಸಿದ್ದನ್ನು ಮೈದುನನಿಗೂ ಹೇಳಿರಲಿಲ್ಲ.

ಶಿವರಾಮಯ್ಯನವರು ನೋಡಿ ಕಣ್ಣರಳಿಸಿದರು. ಹತ್ತನೇ ವಯಸ್ಸಿಗೇ ತುಮಕೂರಿನ ಹಾಸ್ಟೆಲ್ ಸೇರಿದವರು. ದಿನಾ ಮುದ್ದೆ ನುಂಗಿಯೂ ಪೈರು ಬಲ್ಲವರಲ್ಲ. ಮುಂದಿನ ಭಾನುವಾರ ಉಪ್ಪಾರಹಳ್ಳಿಯ ಗೆಳೆಯರನ್ನು ಕರೆತಂದು ತೋರಿಸಿದರು: ನಾಟಿ ಹುಲ್ಲು, ಯಾರೂ ಬಿತ್ತದೆ ತಾನಾಗಿ ಬಂದದ್ದು, ಕಾಡು ಮರಳುತ್ತಿರುವುದರ ಗುರುತು. ಒಬ್ಬರು ಮಂಡಿಯೂರಿ ಫೋಟೋ ತೆಗೆದರು. ಈ ಹುಲ್ಲಿಗೆ ತೊಂದರೆಯಾಗದಂತೆ ನೋಡಿಕೋ ಎಂದು ಓಬಳಮ್ಮನಿಗೆ ಅಪ್ಪಣೆಯಾಯಿತು.

ಅಪ್ಪಣೆಯನ್ನು ಅವಳು ಮೀರಲಿಲ್ಲ. ಒತ್ತಾಗಿದ್ದಲ್ಲಿ ಕಿತ್ತು, ತೆಳುವಾಗಿದ್ದಲ್ಲಿ ನೆಟ್ಟಳು. ಇದ್ದಬದ್ದ ಗೊಬ್ಬರದಲ್ಲಿ ಸಸಿಗೆ ಅರ್ಧ, ಹುಲ್ಲಿಗೆ ಅರ್ಧ. ತನ್ನ ರಾಗಿ ಸಾಕಲು ಧಣಿಯಿಂದಲೇ ಕೂಲಿ ಇಸಿದುಕೊಂಡವಳು ಈ ಸೀಮೆಯಲ್ಲಿ ನಮ್ಮತ್ತಿಗೆ ಒಬ್ಬಳೇ ಎಂದು ಚಿಕ್ಕಬೋರಯ್ಯ ಹೇಳಿದಾಗ ಕೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾತು ಮಾತ್ರ ಕೇರಿ ದಾಟಲಿಲ್ಲ.

ದಸರೆ ಕಳೆದು ಹುಲ್ಲು ತೆನೆ ಹೊತ್ತಿತು. ಅದೇ ವಾರ ಅರ್ಜಿಯ ಸ್ಥಳ ತನಿಖೆಗೆ ರೆವಿನ್ಯೂ ಇನ್ಸ್‌ಪೆಕ್ಟರ್ ಬರುತ್ತಾರೆಂದು ಗೊತ್ತಾಯಿತು. ನೆಲದ ಮೇಲೆ ಯಾವ ಬೆಳೆ ಇದೆ, ಬೆಳೆದವರು ಯಾರು, ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಕಾಡು ತೋರಿಸಲು ಶಿವರಾಮಯ್ಯನವರು ಇಸ್ತ್ರಿ ಶರ್ಟು ತೊಟ್ಟು ಮುಂಚೆಯೇ ಬಂದರು. ಎರಡು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ತೆನೆ ನೋಡಿದರು. ತೆನೆ ಅವರಿಗೂ ಗೊತ್ತಿತ್ತು.

“ಏನೇ ಇದು?”

“ನಿಮ್ಮ ಹುಲ್ಲೇ ಬುದ್ಧಿ.”

“ಲೌಡಿ, ನನ್ನ ಕಾಡಲ್ಲಿ ರಾಗಿ ಬಿತ್ತಿದೀಯ? ಕೀಳೇ. ಒಂದು ಕಡ್ಡಿ ಉಳೀಬಾರ್ದು.”

ಊರ ತಿರುವಿನಲ್ಲಿ ಜೀಪಿನ ಧೂಳೆದ್ದಿತು. ಅವರು ಬೇಲಿಗೆ ಸಿಕ್ಕಿಸಿದ್ದ ಕುಡುಗೋಲನ್ನು ಅವಳ ಕಾಲ ಬಳಿಗೆ ಎಸೆದು ಚಿಕ್ಕಬೋರಯ್ಯನತ್ತ ತಿರುಗಿದರು. ಅವನು ಹೊನ್ನೆಯ ಸಸಿಯೊಂದಕ್ಕೆ ನೀರು ಬಿಡುವುದರಲ್ಲಿ ಮುಳುಗಿಹೋಗಿದ್ದ. ಸಸಿಯೂ ಮುಳುಗಿತ್ತು. ಶಿವರಾಮಯ್ಯನವರ ದನಿ ಇಳಿಯಿತು. ಮೊದಲು ಕಿತ್ತು ಹಾಕಮ್ಮ, ಆಮೇಲೆ ಕೂತು ಮಾತಾಡೋಣ ಎಂದರು.

ಕೂರುವುದಕ್ಕೆ ಓಬಳಮ್ಮ ಆಮೇಲಿನವರೆಗೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು ತೆನೆಗಳ ನಡುವೆ ಕುಕ್ಕರಿಸಿದಳು.

“ನಾ ಕೀಳಾಕಿಲ್ಲ. ನೀವೇ ಬಗ್ಗಿ ಕಿತ್ಕಳಿ. ಸಾಯೇಬ್ರು ನೋಡ್ಕಂಡು ನಿಂತ್ಕಳ್ಲಿ.”