ಹತ್ತು ಜನಕ್ಕೆ ಕಳಿಸದಿದ್ದರೆ

ಊರಿನ ದೊಡ್ಡ ಅಂಗಡಿ ಮಾಜಿ ಸೈನಿಕರಿಗೆ ಬಿಡಿಗಾಸೂ ಕೊಡುವುದಿಲ್ಲವಂತೆ, ಅಲ್ಲಿಗೆ ಯಾರೂ ಕಾಲಿಡಬೇಡಿ ಎಂದು ತನಗೆ ಬಂದ ಈಮೇಲನ್ನು ವರ್ನಾ ಹಿಂದೆಮುಂದೆ ನೋಡದೆ ನಲವತ್ತು ಜನಕ್ಕೆ ಕಳಿಸಿದ್ದಳು. ಭಾನುವಾರ ಚರ್ಚಿನಲ್ಲಿ ಕಾಫಿ ಕುಡಿಯುವಾಗ ಮಾಜಿ ಸೈನಿಕ ಆರ್ಲೋ ತನ್ನ ಗಾಲಿಕುರ್ಚಿಯನ್ನು ನೇರ ಅವಳ ಕಾಲಬುಡಕ್ಕೇ ತಂದು ನಿಲ್ಲಿಸಿದ.

"ಏನಮ್ಮಾ ವರ್ನಾ, ಈ ಕುರ್ಚಿ ಕೊಡಿಸಿದ್ದೇ ಆ ಅಂಗಡಿಯವರು ಕಣೆ. ತಲೇಲಿ ಏನ್ ತುಂಬ್ಕೊಂಡಿದ್ದೀಯಾ?"

ಮನೆಗೆ ಬಂದವಳೇ, ಅದು ಶುದ್ಧ ಸುಳ್ಳು, ಕ್ಷಮಿಸಿ ಎಂದು ಅದೇ ನಲವತ್ತು ಜನಕ್ಕೆ ಬರೆದಳು. ವಾರ ಕಳೆದರೂ ಒಬ್ಬರೂ ಅದನ್ನು ಮುಂದಕ್ಕೆ ಕಳಿಸಲಿಲ್ಲ. ಸುಳ್ಳು ಮಾತ್ರ ಆಗಲೇ ಪಕ್ಕದ ರಾಜ್ಯ ಮುಟ್ಟಿತ್ತು.

"ಹಾಳಾದ ಜನ, ನಿಜ ಹೇಳಿದ್ರೆ ಕಿವೀನೇ ಕೇಳ್ಸಲ್ಲ!" ಎಂದು ಸಿಡುಕುತ್ತ ವರ್ನಾ ಆ ಕ್ಷಮಾಪಣೆ ಪತ್ರದ ಕೊನೆಗೊಂದು ಸಾಲು ಸೇರಿಸಿ ಮತ್ತೆ ಕಳಿಸಿದಳು: "ಇದನ್ನು ಹತ್ತು ಜನಕ್ಕೆ ಕಳಿಸದವರ ಹಬ್ಬದ ಟರ್ಕಿಕೋಳಿ ಸೀದು ಕರಕಲಾಗುತ್ತದೆ."

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬೆಳಿಗ್ಗೆ, ಯಾರ್ಯಾರದೋ ಕೈ ಸುತ್ತಿ, ಆ ಪತ್ರ ಅವಳಿಗೇ ವಾಪಸ್ಸು ಬಂತು. ವರ್ನಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಓವನ್ ಕಡೆ ನೋಡಿದಳು. ಒಳಗೆ ಹದಿನೆಂಟು ಪೌಂಡಿನ ಕೋಳಿ. ಊಟಕ್ಕೆ ಹನ್ನೆರಡು ಮಂದಿ.

"ಯಾಕೆ ಬೇಕು ಸುಮ್ನೆ," ಎಂದುಕೊಂಡು ಹತ್ತು ಜನಕ್ಕೆ ಕಳಿಸಿದಳು.